ಪಿಕಪ್ ಬಾಡಿಯಲ್ಲಿ ಸೈಕಲ್ ನಿಲ್ಲುತ್ತಿಲ್ಲವೇ? ಮನೆಯಲ್ಲೇ ಮಾಡಿದ ಸ್ಟ್ಯಾಂಡಿನ ದೋಷ ಹುಡುಕಿ ಸರಿಪಡಿಸುವುದು

ಇದು ಪೆಡಲ್ ತುಳಿಯುವ ಸೈಕಲ್ಲಿನ ವಿಷಯ, ಮೋಟಾರ್‌ಬೈಕಿನದಲ್ಲ. ಹದಿನೈದು ಕೆ.ಜಿ.ಯ ಸೈಕಲ್ಲನ್ನು ಬೊಲೆರೊ ಪಿಕಪ್‌ನಲ್ಲೋ ಟಾಟಾ ಏಸ್‌ನಲ್ಲೋ ಇಟ್ಟು ಬಾಬಾಬುಡನ್‌ಗಿರಿ ಕಡೆಗೋ ಸಕಲೇಶಪುರದ ತೋಟದ ದಾರಿಗಳಿಗೋ ಒಯ್ಯುವವರು ಸಾಮಾನ್ಯವಾಗಿ ಮೂರು ಬಗೆಯ ಏರ್ಪಾಡು ಮಾಡಿಕೊಳ್ಳುತ್ತಾರೆ. ಒಂದು, ಹಲಗೆಗೆ ಹಳೆಯ ಹಬ್ (ಚಕ್ರದ ನಡುವಿನ ಗುಂಬ) ಕೂರಿಸಿ, ಮುಂದಿನ ಚಕ್ರ ಕಳಚಿದ ಸೈಕಲ್ಲಿನ ಫೋರ್ಕನ್ನು (ಚಕ್ರ ಹಿಡಿಯುವ ಕವಲನ್ನು) ಅದಕ್ಕೆ ಕಚ್ಚಿಸುವುದು. ಎರಡು, ಮರದ್ದೋ ಪಿವಿಸಿ ಪೈಪಿನದೋ ಗೂಡು ಮಾಡಿ ಮುಂದಿನ ಚಕ್ರವನ್ನು ಅದರೊಳಗೆ ತೂರಿಸುವುದು. ಮೂರು, ಹಿಂದಿನ ಡೋರಿನ ಮೇಲೆ ಗೋಣಿ ಮೆತ್ತೆ ಹಾಕಿ ಸೈಕಲ್ಲನ್ನು ನೇತುಬಿಡುವುದು. ಮೂರರಲ್ಲೂ ಬರುವ ದೂರು ಒಂದೇ: ಹೊರಟಾಗ ಬಿಗಿಯಾಗಿತ್ತು, ತಲುಪುವಷ್ಟರಲ್ಲಿ ಸೈಕಲ್ ಮಲಗಿತ್ತು. ಕಾರಣ ಮಾತ್ರ ಒಂದೇ ಅಲ್ಲ. ಅದನ್ನು ಹುಡುಕದೆ ಇನ್ನೊಂದು ಹಗ್ಗ ಬಿಗಿದರೆ ದೋಷ ಜಾಗ ಬದಲಿಸುತ್ತದೆಯೇ ಹೊರತು ಹೋಗುವುದಿಲ್ಲ.

ಮೊದಲು ಅಲುಗಾಡಿಸಿ ನೋಡಿ

ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಸೈಕಲ್ ಕಟ್ಟಿ. ಸೀಟನ್ನು ಒಂದು ಕೈಯಲ್ಲಿ ಹಿಡಿದು ಎಡಕ್ಕೂ ಬಲಕ್ಕೂ ಜಗ್ಗಿ. ಸೈಕಲ್ಲಿನ ಜೊತೆಗೆ ಇಡೀ ಪಿಕಪ್ ತನ್ನ ಸ್ಪ್ರಿಂಗ್ ಪಟ್ಟೆಗಳ ಮೇಲೆ ತೂಗಿದರೆ ಕಟ್ಟು ಸರಿಯಿದೆ. ಗಾಡಿ ಅಲುಗದೆ ಸೈಕಲ್ಲೂ ಸ್ಟ್ಯಾಂಡೂ ಒಟ್ಟಿಗೆ ಅಲುಗಿದರೆ ದೋಷ ಸ್ಟ್ಯಾಂಡಿಗೂ ನೆಲಕ್ಕೂ ನಡುವೆ ಇದೆ. ಸ್ಟ್ಯಾಂಡ್ ಕದಲದೆ ಸೈಕಲ್ ಮಾತ್ರ ಆಡಿದರೆ ದೋಷ ಹಬ್ಬಿನಲ್ಲಿ ಅಥವಾ ಗೂಡಿನಲ್ಲಿ. ಆಮೇಲೆ ಹಿಂದಿನ ಚಕ್ರವನ್ನು ಹಿಡಿದು ಮೇಲಕ್ಕೆತ್ತಿ. ಅದು ಎರಡು ಬೆರಳಿನಷ್ಟು ಎದ್ದರೂ, ಮುಂದೆ ಎಷ್ಟೇ ಚೆನ್ನಾಗಿ ಹಿಡಿದಿರಲಿ, ಘಾಟಿ ದಾರಿಯಲ್ಲಿ ಅದು ನಿಲ್ಲುವುದಿಲ್ಲ.

ನಿಂತ ಗಾಡಿಯಲ್ಲಿ ಕಾಣದ ದೋಷಕ್ಕೆ ಸೀಮೆಸುಣ್ಣ ಬೇಕು. ಹಲಗೆಯ ಎರಡು ತುದಿ ನೆಲಕ್ಕೆ ತಾಗುವಲ್ಲಿ, ಹಿಂದಿನ ಟೈರು ಕೂತಿರುವಲ್ಲಿ, ಪೈಪಿನ ಪ್ರತಿ ಜಾಯಿಂಟಿಗೆ ಅಡ್ಡಲಾಗಿ ಒಂದೊಂದು ಗೆರೆ ಎಳೆಯಿರಿ. ಹಗ್ಗದ ಗಂಟಿನ ಬಾಯಲ್ಲೂ ಗುರುತು ಹಾಕಿ. ಮಳೆಗಾಲವಾದರೆ ಸುಣ್ಣದ ಬದಲು ಇನ್ಸುಲೇಷನ್ ಟೇಪು. ನಾಲ್ಕೈದು ಹಂಪ್ ಇರುವ ದಾರಿಯಲ್ಲಿ ಐದು ಕಿಲೋಮೀಟರ್ ಹೋಗಿ ನಿಲ್ಲಿಸಿ ನೋಡಿ. ಚಿಕ್ಕಮಗಳೂರಿನಿಂದ ಗಿರಿಗೆ ಹೊರಟವರಿಗೆ ಕೈಮರ ಇದಕ್ಕೆ ಹೇಳಿ ಮಾಡಿಸಿದ ಜಾಗ, ಏರು ಶುರುವಾಗುವುದೇ ಅಲ್ಲಿಂದ. ಯಾವ ಗೆರೆ ತಪ್ಪಿದೆಯೋ ಅದನ್ನು ಮಾತ್ರ ಸರಿಪಡಿಸಿ ಮತ್ತೆ ಓಡಿಸಿ. ಒಂದೇ ಸಲಕ್ಕೆ ನಾಲ್ಕನ್ನು ಬದಲಿಸಿದರೆ ಯಾವುದು ಕೆಲಸ ಮಾಡಿತೆಂದು ಗೊತ್ತಾಗುವುದಿಲ್ಲ.

ಹಲಗೆ ಜಾರುತ್ತದೆ ಅಥವಾ ಮಗುಚುತ್ತದೆ

ಜಾರುವುದಕ್ಕೂ ಮಗುಚುವುದಕ್ಕೂ ಮದ್ದು ಬೇರೆ ಬೇರೆ. ಹಲಗೆ ಮುಂದಕ್ಕೆ ಜಾರಿದ್ದರೆ ಬ್ರೇಕ್ ಹಾಕಿದಾಗಿನ ನೂಕು, ಹಿಂದಕ್ಕೆ ಜಾರಿದ್ದರೆ ಏರಿನಲ್ಲಿ. ಪೇಂಟ್ ಬಳಿದ ತಗಡಿನ ನೆಲದ ಮೇಲೆ ಒದ್ದೆ ಮರ ಸೋಪಿನಂತೆ ಜಾರುತ್ತದೆ. ಹಲಗೆಯಡಿ ರಬ್ಬರ್ ಹಾಸಿದರೆ ಮುಕ್ಕಾಲು ಪಾಲು ಸರಿಹೋಗುತ್ತದೆ. ಹಾಸನದ ಕಡೆ ಇದಕ್ಕೆ ಅಂಗಡಿಗೆ ಹೋಗಬೇಕಾಗಿಲ್ಲ: ಕೊಟ್ಟಿಗೆಯಲ್ಲಿ ಹಸುವಿಗೆ ಹಾಸುವ ರಬ್ಬರ್ ಮ್ಯಾಟು ಅಂಚು ಹರಿದು ಮೂಲೆಗೆ ಬಿದ್ದಿರುತ್ತದೆ, ಅದರಿಂದ ಆರಿಂಚು ಅಗಲದ ಪಟ್ಟಿ ಕತ್ತರಿಸಿಕೊಳ್ಳಿ. ಗಂಟು ಗಂಟಾದ ಮೈ ಕೆಳಗಿರಲಿ. ಹಲಗೆಯನ್ನು ಬಾಡಿಯ ಒಳ ಅಗಲಕ್ಕಿಂತ ಒಟ್ಟು ಒಂದಿಂಚು ಕಡಿಮೆ ಕೊಯ್ದು, ಎರಡೂ ತುದಿಗೆ ಹಳೆಯ ಟೈರಿನ ತುಂಡು ಹೊಡೆದರೆ ಪಕ್ಕದ ಡೋರುಗಳ ನಡುವೆ ಬಿಗಿಯಾಗಿ ಕೂರುತ್ತದೆ. ನೆಲಕ್ಕೆ ತೂತು ಕೊರೆದು ಬೋಲ್ಟ್ ಹಾಕುವುದು ಬೇಡ. ಮಲೆನಾಡಿನ ಒಂದು ಮಳೆಗಾಲಕ್ಕೆ ಆ ತೂತಿನ ಸುತ್ತ ತುಕ್ಕು ಹರಡಿರುತ್ತದೆ.

ಮಗುಚುವುದು ಅಗಲ ಸಾಲದೆ. ನಾಲ್ಕಿಂಚು ಅಗಲದ ಒಂಟಿ ಹಲಗೆಯ ಮೇಲೆ ಮೂರು ಸೈಕಲ್ ನಿಲ್ಲಿಸಿದರೆ ಅದು ಹಲಗೆಯಲ್ಲ, ಉರುಳುವ ದಿಮ್ಮಿ. ಅದಕ್ಕೆ ರಬ್ಬರ್ ಏನೂ ಮಾಡಲಾರದು. ಎರಡನೆಯ ಅಡ್ಡಹಲಗೆಯನ್ನು ಹಿಂದಿನ ಚಕ್ರ ಕೂರುವ ಜಾಗದಲ್ಲಿಟ್ಟು, ಎರಡನ್ನೂ ಒಂದೋ ಎರಡೋ ಉದ್ದಹಲಗೆಗಳಿಂದ ಜೋಡಿಸಿ ಚೌಕಟ್ಟು ಮಾಡಿ. ಎರಡು ಅಡ್ಡಹಲಗೆಗಳ ಅಂತರ ಸೈಕಲ್ಲಿನ ಮುಂದಿನ ಆಕ್ಸಲ್‌ನಿಂದ ಹಿಂದಿನ ಆಕ್ಸಲ್‌ವರೆಗಿನ ಅಳತೆ. ರೋಡ್ ಸೈಕಲ್ಲಿಗೆ ಅದು ಸುಮಾರು 1 ಮೀಟರ್, ಈಗಿನ 29 ಇಂಚು ಚಕ್ರದ ಎಂಟಿಬಿಗಳಿಗೆ (ಗುಡ್ಡಗಾಡಿನ ಸೈಕಲ್‌ಗಳಿಗೆ) 1.2 ಮೀಟರ್‌ವರೆಗೆ. ಈ ಚೌಕಟ್ಟಿನಿಂದ ಇನ್ನೊಂದು ಲಾಭವೂ ಇದೆ. ನಮ್ಮ ಪಿಕಪ್‌ಗಳಲ್ಲಿ ಹಗ್ಗದ ಕೊಕ್ಕೆಗಳು ಬಾಡಿಯ ಹೊರಗೆ, ಡೋರಿನ ಕೆಳಗಿರುತ್ತವೆ. ಒಳನೆಲದಲ್ಲಿ ಕಟ್ಟಲು ಏನೂ ಇರುವುದಿಲ್ಲ. ಹಿಂದಿನ ಹಲಗೆಗೆ ಚಕ್ರದ ಎಡಬಲಕ್ಕೆ ಒಂದೊಂದು 8 ಮಿ.ಮೀ. ಕಣ್ಣಿನ ಬೋಲ್ಟ್ ಹಾಕಿದರೆ ಹಿಂದಿನ ಚಕ್ರವನ್ನು ಅಲ್ಲೇ, ಎರಡೂ ಕಡೆಯಿಂದ ಎಳೆದು ಕಟ್ಟಬಹುದು. ಪಟ್ಟಿ ರಿಮ್ಮನ್ನೂ ಟೈರನ್ನೂ ಒಟ್ಟಿಗೆ ಅಪ್ಪಿರಲಿ, ಕಡ್ಡಿಗಳ ಮೇಲೆ ಒತ್ತದಿರಲಿ. ಚೌಕಟ್ಟಿನ ನಾಲ್ಕು ಮೂಲೆಯಿಂದ ಹೊರಗಿನ ಕೊಕ್ಕೆಗಳಿಗೆ ಹಗ್ಗ ಹೋಗಲಿ. ಸೈಕಲ್ ಚೌಕಟ್ಟಿಗೆ, ಚೌಕಟ್ಟು ಗಾಡಿಗೆ. ಸೈಕಲ್ಲನ್ನು ನೇರವಾಗಿ ಗಾಡಿಗೆ ಕಟ್ಟಿದರೆ ಚೌಕಟ್ಟು ಒಂದು ಕಡೆ ಎಳೆದರೆ ಸೈಕಲ್ ಇನ್ನೊಂದು ಕಡೆ ಎಳೆಯುತ್ತದೆ.

ಮರ ಯಾವುದೆಂಬ ಪ್ರಶ್ನೆಗೆ ಇಲ್ಲಿ ಉತ್ತರ ಸುಲಭ. ಕಾಫಿ ತೋಟದ ನೆರಳಿಗೆ ನೆಟ್ಟ ಸಿಲ್ವರ್ ಓಕ್ ಯಾವ ಸಾಮಿಲ್ಲಿನಲ್ಲೂ ಅಗ್ಗಕ್ಕೆ ಸಿಗುತ್ತದೆ. ತೊಂದರೆಯೂ ಅಲ್ಲೇ ಇದೆ: ಕೊಯ್ದ ವಾರಕ್ಕೇ ತಂದ ಹಸಿ ಹಲಗೆ ಒಣಗುತ್ತಾ ಕುಗ್ಗುತ್ತದೆ, ಬಿಗಿದ ಬೋಲ್ಟ್ ತಾನಾಗಿ ಸಡಿಲವಾಗುತ್ತದೆ. ಹಬ್ಬನ್ನು ಹಲಗೆಗೆ ಹಿಡಿದ ಕ್ಲಾಂಪ್ ಅಲುಗುತ್ತಿದೆ, ಆದರೆ ನಟ್ ತಿರುಗಿದ ಗುರುತಿಲ್ಲ ಎಂದರೆ ಕುಗ್ಗಿರುವುದು ಮರ. ಮೊದಲ ತಿಂಗಳು ಪ್ರತಿ ಪ್ರಯಾಣಕ್ಕೂ ಮುಂಚೆ ಸ್ಪಾನರ್ ಹಾಕಿ. ಮೊಳೆ ಬೇಡವೇ ಬೇಡ; ಕಪ್ಪು ಬಣ್ಣದ ಜಿಪ್ಸಂ ಸ್ಕ್ರೂ ಇನ್ನೂ ಕೆಟ್ಟದ್ದು, ಅಡ್ಡ ಹೊಡೆತಕ್ಕೆ ತಲೆ ಮುರಿದುಕೊಳ್ಳುತ್ತದೆ. ಹಲಗೆಯ ಆಚೆಗೂ ತೂರಿ ಹೋಗುವ 8 ಮಿ.ಮೀ. ಬೋಲ್ಟ್, ಎರಡೂ ಕಡೆ ಅಗಲ ವಾಷರ್, ನೈಲಾಕ್ ನಟ್ (ಒಳಗೆ ನೈಲಾನ್ ಉಂಗುರವಿರುವ ನಟ್) ಹಾಕಿ. ಹಲಗೆಯ ತುದಿಯಿಂದ ಎರಡಿಂಚು ಒಳಗೆ ತೂತು ಕೊರೆಯಿರಿ, ಇಲ್ಲದಿದ್ದರೆ ಸೀಳುತ್ತದೆ. ಪ್ಲೈವುಡ್ ಬಳಸುವುದಾದರೆ ಐಎಸ್ 710 ಮುದ್ರೆಯಿರುವುದು ಬೇಕು. ಐಎಸ್ 303ರ ಮಾಮೂಲಿ ಕಮರ್ಷಿಯಲ್ ಪ್ಲೈ ಒಂದು ಮಳೆಗೆ ಪದರ ಬಿಡುತ್ತದೆ.

ಫೋರ್ಕ್ ಹಬ್ಬಿನ ಮೇಲೆ ಆಡುತ್ತದೆ

ಅತಿ ಹೆಚ್ಚು ತಪ್ಪಾಗುವುದು ಇಲ್ಲಿ. ಹಬ್ ಸಿಗಲಿಲ್ಲವೆಂದು ಅರ್ಧ ಇಂಚಿನ ಜಿಐ ಪೈಪನ್ನು 100 ಮಿ.ಮೀ. ಉದ್ದ ಕತ್ತರಿಸಿ, ಅದರೊಳಗೆ ಕ್ವಿಕ್ ರಿಲೀಸ್ ಕಡ್ಡಿ (ಸ್ಪಾನರ್ ಇಲ್ಲದೆ, ಲಿವರ್ ಮಡಚಿ ಚಕ್ರ ಬಿಗಿಯುವ ಕಡ್ಡಿ) ತೂರಿಸುತ್ತಾರೆ. ನೋಡಲು ಅಚ್ಚುಕಟ್ಟು. ಆದರೆ ಫೋರ್ಕಿನ ತುದಿಯ ಸೀಳು 9 ಮಿ.ಮೀ. ಆಕ್ಸಲ್‌ಗೆ ಮಾಡಿದ್ದು, ಕ್ವಿಕ್ ರಿಲೀಸ್ ಕಡ್ಡಿಯ ದಪ್ಪ 5 ಮಿ.ಮೀ. ಉಳಿದ ಜಾಗದಲ್ಲಿ ಫೋರ್ಕ್ ಮೇಲೆ ಕೆಳಗೆ ಕುಣಿಯುತ್ತದೆ, ಎಷ್ಟು ಬಿಗಿದರೂ ಹಂಪಿನಲ್ಲಿ ಜಾರುತ್ತದೆ, ಸೀಳಿನ ಒಳಮೈ ಗೀರುತ್ತದೆ. ಸೈಕಲ್ ಶಾಪಿನ ಗುಜರಿ ಡಬ್ಬದಿಂದ ಗೇರ್ ಸೈಕಲ್ಲಿನ ಹಳೆಯ ಮುಂದಿನ ಹಬ್ಬನ್ನೇ ತನ್ನಿ. ಅದರ ಟೊಳ್ಳು ಆಕ್ಸಲ್ ಎರಡೂ ಕಡೆ ಸ್ವಲ್ಪ ಹೊರಚಾಚಿರುತ್ತದೆ, ಫೋರ್ಕ್ ಕೂರುವುದು ಅದರ ಮೇಲೆ. ಬೇರಿಂಗ್ ಸವೆದಿದ್ದರೂ ನಡೆಯುತ್ತದೆ, ಆಕ್ಸಲ್ ನೆಟ್ಟಗಿದ್ದರೆ ಸಾಕು.

ಹಬ್ ಇದ್ದೂ ಆಡುತ್ತಿದ್ದರೆ ಅಗಲ ಅಳೆಯಿರಿ. ಕ್ವಿಕ್ ರಿಲೀಸ್ ಫೋರ್ಕಿನ ಒಳ ಅಗಲ 100 ಮಿ.ಮೀ. ಹಬ್ಬಿನ ಲಾಕ್‌ನಟ್‌ಗಳ ಹೊರಮೈಯಿಂದ ಹೊರಮೈಗೂ ಅಷ್ಟೇ ಬರಬೇಕು. ಹಳೆಯ ಮಾಮೂಲಿ ಸೈಕಲ್ಲಿನ ಹಬ್ ಕಿರಿದು. ಲಿವರ್ ಬಿಗಿದಾಗ ಫೋರ್ಕಿನ ಎರಡು ಕಾಲು ಒಳಕ್ಕೆ ಬಾಗುತ್ತವೆ. ವಾಷರ್ ಸೇರಿಸಿ ಅಗಲ ಮಾಡಿ. ಇನ್ನು ಲಿವರ್: ಅರ್ಧ ಮುಚ್ಚುವಾಗಲೇ ಅಡ್ಡಿ ತೋರಬೇಕು, ಪೂರ್ತಿ ಮುಚ್ಚಿದಾಗ ಅಂಗೈಯಲ್ಲಿ ಅಚ್ಚು ಮೂಡಬೇಕು. ಒಂದೇ ಬೆರಳಿಗೆ ಮುಚ್ಚಿದರೆ ಎದುರಿನ ನಟ್ಟನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ಮುಚ್ಚಿ.

ಥ್ರೂ ಆಕ್ಸಲ್ (ಫೋರ್ಕಿನ ತೂತುಗಳಲ್ಲಿ ತೂರಿ ತಿರುಗಿಸಿ ಬಿಗಿಯುವ ದಪ್ಪ ಆಕ್ಸಲ್) ಇರುವ ಸೈಕಲ್ಲಿಗೆ ಮಾತ್ರ ಜಿಐ ಪೈಪು ನಿಜವಾಗಿ ಕೆಲಸಕ್ಕೆ ಬರುತ್ತದೆ. ಅರ್ಧ ಇಂಚಿನ ಮೀಡಿಯಂ ಪೈಪಿನ ಒಳವ್ಯಾಸ ಸುಮಾರು 16 ಮಿ.ಮೀ., 15 ಮಿ.ಮೀ. ಆಕ್ಸಲ್ ಹಿತವಾಗಿ ಹೋಗುತ್ತದೆ. ಉದ್ದ ಸಾಮಾನ್ಯ ಫೋರ್ಕಿಗೆ 100, ಬೂಸ್ಟ್ ಎಂಬ ಅಗಲದ ಫೋರ್ಕಿಗೆ 110. ಕೊಯ್ದ ತುದಿ ಕೋನ ತಪ್ಪಿದ್ದರೆ ಆಕ್ಸಲ್ ಎಳೆ (ಥ್ರೆಡ್) ಹಿಡಿಯದೆ ಅಡ್ಡ ಕಚ್ಚುತ್ತದೆ. ಒತ್ತಾಯ ಮಾಡಿ ತಿರುಗಿಸಿದರೆ ಫೋರ್ಕಿನ ಎಳೆ ಹೋಯಿತು, ಸ್ಟ್ಯಾಂಡಿನಲ್ಲಿ ಉಳಿಸಿದ ದುಡ್ಡೆಲ್ಲ ಅಲ್ಲಿಗೇ. ತುದಿಯನ್ನು ಅರದಿಂದ ಸಮ ಮಾಡಿ, ಒಳಗಿನ ಚೂಪು ತೆಗೆದು, ಆಕ್ಸಲ್ಲನ್ನು ಕೈಯಲ್ಲೇ ತಿರುಗಿಸಿ ನೋಡಿ. ರೋಡ್ ಸೈಕಲ್ಲಿನ 12 ಮಿ.ಮೀ. ಆಕ್ಸಲ್‌ಗೆ ಈ ಪೈಪು ಸಡಿಲ.

ನಟ್ ಹಾಕಿದ ಮಾಮೂಲಿ ಸೈಕಲ್ಲಾದರೆ ಹಬ್ ಹಲಗೆಯ ಗೋಜೇ ಬೇಡ. ಪ್ರತಿ ಸಲ ಸ್ಪಾನರ್ ಹಿಡಿದು ಚಕ್ರ ಬಿಚ್ಚುವವರು ಎರಡನೇ ಪ್ರಯಾಣಕ್ಕೇ ಬೇಸತ್ತು ಸೈಕಲ್ಲನ್ನು ಮಲಗಿಸಿ ಒಯ್ಯುತ್ತಾರೆ.

ಹಬ್ ಕೂರಿಸುವ ಎತ್ತರವೂ ಲೆಕ್ಕವೇ. ಹಬ್ಬಿನ ನಡುಭಾಗಕ್ಕೆ ಒಂದಿಂಚು ದಪ್ಪದ ಮರದ ತುಂಡು ಕೊಟ್ಟು, ಮೇಲೆ ಟ್ಯೂಬಿನ ಪಟ್ಟಿ ಸುತ್ತಿ, ಮುಕ್ಕಾಲು ಅಥವಾ ಒಂದಿಂಚಿನ ಪೈಪ್ ಕ್ಲಾಂಪ್ ಎರಡು ಬಿಗಿಯಿರಿ. ಆ ತುಂಡು ಇಲ್ಲದಿದ್ದರೆ ಫೋರ್ಕಿನ ಮೂತಿ ಹಲಗೆಗೆ ತಾಗಿ, ಸೈಕಲ್ಲಿನ ಭಾರವೆಲ್ಲ ಆಕ್ಸಲ್ ಬಿಟ್ಟು ಮೂತಿಯ ಮೇಲೆ ಬೀಳುತ್ತದೆ. ಹಲಗೆಯಲ್ಲಿ ಫೋರ್ಕಿನ ಅಗಲಕ್ಕೆ ಸರಿಯಾಗಿ ಎರಡು ಗುಳಿ ಕಂಡರೆ ದೋಷ ಇದೇ.

ಹ್ಯಾಂಡಲ್‌ಗಳು ಒಂದಕ್ಕೊಂದು ಬಡಿಯುತ್ತವೆ

ಏಸ್‌ನ ಬಾಡಿಯ ಅಗಲ ಸುಮಾರು 1490 ಮಿ.ಮೀ. ಎಂಟಿಬಿ ಹ್ಯಾಂಡಲ್ 720 ಇದ್ದರೆ ಅರ್ಧ 360. ಡೋರಿನ ಎತ್ತರ ಒಂದಡಿಯಷ್ಟೇ, ಹ್ಯಾಂಡಲ್ ಅದಕ್ಕಿಂತ ಬಹಳ ಮೇಲಿರುತ್ತದೆ. ಹಾಗಾಗಿ ಅಂಚಿನ ಸೈಕಲ್ಲಿನ ಹಬ್ ಡೋರಿನಿಂದ 380 ಒಳಗಿರದಿದ್ದರೆ ಹ್ಯಾಂಡಲ್ ಬಾಡಿಯಿಂದ ಹೊರಗೆ ಚಾಚುತ್ತದೆ. ಎರಡು ಕಡೆ 380 ಬಿಟ್ಟರೆ ಉಳಿಯುವುದು 730, ಅಂದರೆ ಮೂರು ಹಬ್‌ಗಳ ನಡುವೆ ತಲಾ 365. ಮೂರನ್ನೂ ಒಂದೇ ದಿಕ್ಕಿಗೆ ನಿಲ್ಲಿಸಿದರೆ ಹ್ಯಾಂಡಲ್‌ಗಳು ಬಡಿದಾಡುವುದು ಖಂಡಿತ. ನಡುವಿನದನ್ನು ತಿರುವುಮುರುವು ಮಾಡಿ, ಅದರ ಹಬ್ ಹಿಂದಿನ ಹಲಗೆಯ ಮೇಲೆ ಬರಲಿ. ನಾಲ್ಕನೆಯ ಎಂಟಿಬಿಗೆ ಏಸ್‌ನಲ್ಲಿ ಜಾಗ ಹುಡುಕಬೇಡಿ.

ಗೂಡಿನಲ್ಲಿಟ್ಟ ಚಕ್ರ ವಾಲುತ್ತದೆ

ಗೂಡು ಗಿಡ್ಡವಾಗಿದೆ, ಇಲ್ಲವೇ ಅಗಲವಾಗಿದೆ. ನೆಲದ ಹತ್ತಿರ ಮಾತ್ರ ಹಿಡಿದ ಚಕ್ರ ಎಷ್ಟು ಬಿಗಿಯಿದ್ದರೂ ವಾಲುತ್ತದೆ. ಹಿಡಿತ ಕೆಳಗೊಂದು, ಚಕ್ರದ ನಡುಮಟ್ಟಕ್ಕೊಂದು ಬೇಕು; 26 ಇಂಚಿನ ಚಕ್ರಕ್ಕೆ 13 ಇಂಚು, 29ಕ್ಕೆ ಹದಿನಾಲ್ಕೂವರೆ. ಸಂದು ಟೈರಿನ ಅಗಲಕ್ಕಿಂತ ಐದು ಮಿ.ಮೀ. ಹೆಚ್ಚಿದ್ದರೆ ಸಾಕು. 2.2 ಇಂಚಿನ ಎಂಟಿಬಿ ಟೈರು ಸುಮಾರು 56 ಮಿ.ಮೀ., ಅದಕ್ಕೆ ಮಾಡಿದ ಗೂಡಿನಲ್ಲಿ 28 ಮಿ.ಮೀ. ರೋಡ್ ಟೈರು ಗಂಟೆಯ ನಾಲಗೆಯಂತೆ ಆಡುತ್ತದೆ. ಎರಡು ಪಕ್ಕಕ್ಕೂ ಉದ್ದಕ್ಕೆ ಸೀಳಿದ ಪೈಪು ಕಟ್ಟಿ ಸಂದು ಕಿರಿದು ಮಾಡಿ. ಡಿಸ್ಕ್ ಬ್ರೇಕ್ ಇದ್ದರೆ ಮೇಲಿನ ಅಡ್ಡಪಟ್ಟಿ ರೋಟರಿಗೆ (ಬ್ರೇಕಿನ ತಟ್ಟೆಗೆ) ತಾಗದಂತೆ ನೋಡಿಕೊಳ್ಳಿ.

ಪಿವಿಸಿ ಗೂಡಿನಲ್ಲಿ ಜಾಯಿಂಟಿನ ಗೆರೆ ತಪ್ಪಿದ್ದರೆ ಟೀ (ಮೂರು ಬಾಯಿಯ ಜಾಯಿಂಟು) ತಿರುಗಿದೆ ಎಂದರ್ಥ. ಸಾಲ್ವೆಂಟ್ (ಪೈಪಿನ ಅಂಟು) ಹಚ್ಚದೆ ಬರಿದೆ ತುರುಕಿದ್ದು, ಅಥವಾ ಹಚ್ಚಿ ಸಂಜೆಗೇ ಬಳಸಿದ್ದು. ಒಳಗೂ ಹೊರಗೂ ಮರಳು ಕಾಗದ ಉಜ್ಜಿ, ಒರೆಸಿ, ಹಚ್ಚಿ, 24 ಗಂಟೆ ಮುಟ್ಟದೆ ಬಿಡಿ. ಬಿಸಿಲಲ್ಲೇ ಬಿದ್ದಿರುವ ಪಿವಿಸಿ ವರ್ಷ ಕಳೆದಂತೆ ಪೆಡಸಾಗುತ್ತದೆ, ಬಾಗುವ ಬದಲು ಬಿರಿಯುತ್ತದೆ. ಪೇಂಟ್ ಬಳಿದರೆ ಬಾಳಿಕೆ ಹೆಚ್ಚು. ಪೈಪಿನ ಮೇಲೆ ರ‍್ಯಾಚೆಟ್ ಬೆಲ್ಟ್ (ಹಿಡಿಯಾಡಿಸಿ ಬಿಗಿಯುವ ಪಟ್ಟಿ) ಹಾಕಿ ಬಿಗಿಯಬೇಡಿ, ಚಪ್ಪಟೆಯಾಗುತ್ತದೆ.

ಹಗ್ಗ ಸಡಿಲವಾಗುತ್ತದೆ

ಹಾಸನದಲ್ಲಿ ಒಣ ಹವೆಯಲ್ಲಿ ಕಲ್ಲಿನಂತೆ ಬಿಗಿದ ನೈಲಾನ್ ಹಗ್ಗ ಶಿರಾಡಿ ಘಾಟಿಯ ಮಾರನಹಳ್ಳಿಯ ಮಳೆಯಲ್ಲಿ ಜೋಲುತ್ತದೆ. ಗಂಟು ಬಿಚ್ಚಿಲ್ಲ, ಗುರುತು ತಪ್ಪಿಲ್ಲ, ಆದರೂ ಸಡಿಲ. ನೈಲಾನ್ ನೀರು ಕುಡಿದು ಹಿಗ್ಗುತ್ತದೆ. ಸಕಲೇಶಪುರ ದಾಟಿ ಒಮ್ಮೆ ನಿಲ್ಲಿಸಿ ಮತ್ತೆ ಬಿಗಿಯುವುದೇ ಇದಕ್ಕೆ ದಾರಿ.

ಹಳದಿ, ನೀಲಿ ಪ್ಲಾಸ್ಟಿಕ್ ಹಗ್ಗದ ರೋಗ ಬೇರೆ. ಅದು ನೀರು ಹೀರುವುದಿಲ್ಲ, ಆದರೆ ಮೈ ನುಣುಪು, ಗಂಟೇ ಜಾರುತ್ತದೆ. ಗಂಟಿನ ಬಾಯಿಯ ಗುರುತು ದೂರ ಸರಿದಿದ್ದರೆ ಹೀಗಾಗಿದೆ. ಲಾರಿಯವರು ಟಾರ್ಪಾಲಿಗೆ ಹಾಕುವಂತೆ ಹಗ್ಗದ ನಡುವೆ ಕುಣಿಕೆ ಮಾಡಿ, ಕೊಕ್ಕೆ ಸುತ್ತಿ ಬಂದ ತುದಿಯನ್ನು ಅದರೊಳಗಿಂದ ಕೆಳಕ್ಕೆಳೆದು, ಕೊನೆಗೆ ಎರಡು ಅರೆಗಂಟು ಹಾಕಿ ಉಳಿದ ತುದಿಯನ್ನು ಸುತ್ತಿಬಿಡಿ. ಉಜ್ಜಿದಾಗ ಕೈಗೆ ಪುಡಿ ಹತ್ತಿದರೆ ಆ ಹಗ್ಗ ಬಿಸಿಲಿಗೆ ಸತ್ತಿದೆ, ಎಸೆಯಿರಿ. ತೆಂಗಿನ ನಾರಿನ ಹಗ್ಗ ಗಂಟನ್ನು ಚೆನ್ನಾಗಿ ಹಿಡಿಯುತ್ತದೆ. ಚೌಕಟ್ಟು ಕಟ್ಟಲು ಆಗಬಹುದು, ಸೈಕಲ್ಲಿಗೆ ಮಾತ್ರ ಬೇಡ, ಬಣ್ಣ ಕೆರೆಯುತ್ತದೆ.

ಟ್ಯೂಬ್ ಕತ್ತರಿಸಿ ಮಾಡಿದ ರಬ್ಬರ್ ಪಟ್ಟಿಯನ್ನೇ ಹಗ್ಗದ ಬದಲು ಬಳಸುವುದು ಇನ್ನೊಂದು ರೂಢಿ. ಎಂದೂ ಸಡಿಲವಾಗದು ಎಂಬುದು ಅದರ ಹೆಚ್ಚುಗಾರಿಕೆ, ಅದೇ ಅದರ ದೋಷ. ಪ್ರತಿ ಹಂಪಿನಲ್ಲೂ ಅದು ಹಿಗ್ಗಿ ಸೈಕಲ್ಲನ್ನು ಎದ್ದೇಳಲು ಬಿಡುತ್ತದೆ, ಮತ್ತೆ ನೆಲಕ್ಕೆ ಬಡಿಯುತ್ತದೆ. ಟ್ಯೂಬ್ ಮೆತ್ತೆಗೆ ಸೈ, ಕಟ್ಟಿಗೆ ಅಲ್ಲ.

ಒಂದಿಂಚಿನ ಪಾಲಿಯೆಸ್ಟರ್ ರ‍್ಯಾಚೆಟ್ ಬೆಲ್ಟ್ ಎಲ್ಲಕ್ಕಿಂತ ನಂಬಿಕಸ್ತ, ಕೊಳ್ಳಬೇಕಾದ ಸಾಮಾನು ಏನಾದರೂ ಇದ್ದರೆ ಇದೊಂದೇ. ಅತಿ ಬಿಗಿಯುವುದು ಇದರ ಅಪಾಯ. ಚಕ್ರ ಕಳಚದೆ ಹ್ಯಾಂಡಲ್ ಮೇಲಿಂದ ಕೆಳಕ್ಕೆಳೆಯುವಾಗ ಸಸ್ಪೆನ್ಷನ್ ಫೋರ್ಕ್ ತಾನು ಕುಗ್ಗಬಲ್ಲ ಓಟದ ಮೂರನೇ ಒಂದು ಪಾಲಿಗಿಂತ ಹೆಚ್ಚು ಕೂರಬಾರದು. ಕಾರ್ಬನ್ ಫ್ರೇಮಿನ ಕೊಳವೆಗೆ ಬೆಲ್ಟ್ ಸುತ್ತಲೇಬೇಡಿ. ಇನ್ನೊಂದು: ನೇರ ಕೆಳಕ್ಕೆ ಎಳೆದ ಕಟ್ಟು ಬ್ರೇಕಿನ ನೂಕನ್ನು ತಡೆಯುವುದಿಲ್ಲ. ಒಂದು ಜೋಡಿ ಮುಂದಕ್ಕೂ ಒಂದು ಜೋಡಿ ಹಿಂದಕ್ಕೂ ಓರೆಯಾಗಿ ಎಳೆದಿರಲಿ.

ಎಲ್ಲ ಬಿಗಿಯಿದೆ, ಆದರೂ ಎಲ್ಲವೂ ಜಿಗಿಯುತ್ತದೆ

ಹಾಗಿದ್ದರೆ ದೋಷ ಸ್ಟ್ಯಾಂಡಿನದಲ್ಲ, ಖಾಲಿ ಗಾಡಿಯದು. ಬೊಲೆರೊ ಪಿಕಪ್‌ನ ಹಿಂದಿನ ಪಟ್ಟೆಗಳು ಒಂದು ಟನ್ನಿಗೂ ಮೇಲ್ಪಟ್ಟ ಹೊರೆಗೆ ಮಾಡಿದವು. ಮೂರು ಸೈಕಲ್ಲಿನ ನಲವತ್ತೈದು ಕೆ.ಜಿ. ಅವಕ್ಕೆ ಗೊತ್ತೇ ಆಗುವುದಿಲ್ಲ. ಗುಂಡಿಯ ಹೊಡೆತ ನೇರ ಬಾಡಿಗೆ ಬರುತ್ತದೆ. ಸಿಮೆಂಟ್ ಚೀಲದಲ್ಲಿ ಮರಳು ತುಂಬಿ, ತಲಾ 50 ಕೆ.ಜಿ.ಯಂತೆ ನಾಲ್ಕನ್ನು ಹಿಂದಿನ ಆಕ್ಸಲ್‌ಗೆ ತುಸು ಮುಂದೆ, ಚೌಕಟ್ಟಿನ ಉದ್ದಹಲಗೆಗಳ ಮೇಲೇ ಇಡಿ. ಗಾಡಿಯೂ ತಗ್ಗುತ್ತದೆ, ಚೌಕಟ್ಟೂ ಕದಲುವುದಿಲ್ಲ. ಚೀಲಗಳನ್ನೂ ಕಟ್ಟಬೇಕು, ಹೇಳಬೇಕಾಗಿಲ್ಲ. ಸ್ಟ್ಯಾಂಡ್ ಕ್ಯಾಬಿನ್ನಿಗೆ ಹತ್ತಿರವಿದ್ದಷ್ಟೂ ಒಳ್ಳೆಯದು, ಅತಿ ಹೆಚ್ಚು ಎಗರುವುದು ಬಾಲ. ಹಿಂದಿನ ಟೈರಿನ ಗಾಳಿ ಪೂರ್ತಿ ಹೊರೆಯ ಅಳತೆಗೆ ತುಂಬಿದ್ದರೆ, ಕಂಪನಿ ಖಾಲಿ ಗಾಡಿಗೆ ಹೇಳಿದ ಅಳತೆಗೆ ಇಳಿಸಿ.

ಸದ್ದು

ವೇಗ ಏರಿದಾಗ ಮಾತ್ರ ಬರುವ ಗುಂಯ್ ಸದ್ದು ಗಾಳಿಗೆ ಅದುರುವ ಬೆಲ್ಟಿನದು, ಬೆಲ್ಟಿಗೆ ಅರ್ಧ ತಿರುವು ಕೊಟ್ಟು ಕಟ್ಟಿದರೆ ನಿಲ್ಲುತ್ತದೆ. ಹಂಪಿನಲ್ಲಿ ಮಾತ್ರ ಬರುವ ಟಕ್ ಹಲಗೆಯದು. ಸದಾ ಬರುವ ಕಿಣಿಕಿಣಿ ಹೆಚ್ಚಿನ ಸಲ ಡೋರಿನ ಚಿಲಕದ್ದು, ಸೈಕಲ್ಲಿನ ಮೇಲೆ ಗುಮಾನಿ ಬೇಡ.

ಡೋರಿನ ಮೇಲೆ ನೇತುಹಾಕಿದವರಿಗೆ

ಬಣ್ಣ ಉಜ್ಜಿಹೋಗಿದ್ದರೆ ಗೋಣಿ ತೆಳುವಾಯಿತೆಂದು ಇನ್ನೊಂದು ಗೋಣಿ ಹಾಕುತ್ತಾರೆ. ಕೆರೆದದ್ದು ಗೋಣಿಯೊಳಗೆ ಸೇರಿದ ಕೆಮ್ಮಣ್ಣು. ಸೈಕಲ್ ತೊಳೆಯದೆ ಮೆತ್ತೆಗೆ ಒತ್ತಿದರೆ ಅದು ಮರಳು ಕಾಗದವೇ. ಡೋರಿನ ತಗಡಿನ ಅಂಚಿಗೆ ಡ್ರಿಪ್ ಪೈಪನ್ನು ಉದ್ದಕ್ಕೆ ಸೀಳಿ ತೊಡಿಸಿ, ಮೇಲೆ ರಬ್ಬರ್ ಮ್ಯಾಟಿನ ತುಂಡು ಹಾಕಿ, ಗೋಣಿಗಿಂತ ಒರೆಸಲು ಸುಲಭ. ಆದರೂ ಈ ವಿಧಾನ ಊರೊಳಗಿನ ಮಾತು, ಘಾಟಿಗಲ್ಲ. ಮುಂದಿನ ಚಕ್ರ ಹೊರಗೆ ತೂಗುತ್ತದೆ, ನಂಬರ್ ಪ್ಲೇಟು ಮರೆಯಾಗುತ್ತದೆ, ಮೇಲಾಗಿ 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 194(1ಎ) ಪ್ರಕಾರ ಮಿತಿಮೀರಿ ಹೊರಚಾಚಿದ ಸರಕಿಗೆ ದಂಡ 20,000 ರೂಪಾಯಿ. ಆ ದುಡ್ಡಿಗೆ ಚೌಕಟ್ಟು ಎಷ್ಟು ಬರುತ್ತದೆಂದು ಸಾಮಿಲ್ಲಿನಲ್ಲಿ ಕೇಳಿ.

ಇಳಿಸಿದ ಮೇಲೆ ಕಾಣುವ ದೋಷ

ಚಕ್ರ ಒಳಗೆ ಹೋಗುತ್ತಿಲ್ಲ, ರೋಟರ್ ಬ್ರೇಕ್ ಪ್ಯಾಡಿಗೆ ಸಿಕ್ಕುತ್ತಿದೆ: ಚಕ್ರ ಕಳಚಿದ್ದಾಗ ಹೈಡ್ರಾಲಿಕ್ ಬ್ರೇಕಿನ ಲಿವರ್ ಹಗ್ಗಕ್ಕೋ ಪಕ್ಕದ ಸೈಕಲ್ಲಿಗೋ ಒತ್ತಿದೆ, ಪ್ಯಾಡುಗಳು ಹತ್ತಿರ ಬಂದಿವೆ. ಟೈರ್ ಲಿವರನ್ನು ನಡುವೆ ತೂರಿಸಿ ನಿಧಾನವಾಗಿ ಎರಡು ಕಡೆಗೂ ದೂಡಿ. ಎಣ್ಣೆ ಹತ್ತಿದ ಸ್ಕ್ರೂಡ್ರೈವರ್ ಬೇಡ, ಪ್ಯಾಡ್ ಹಾಳು. ಮುಂದಿನ ಸಲ ಚಕ್ರ ತೆಗೆದ ಕೂಡಲೇ ಎರಡು ಮಿ.ಮೀ. ದಪ್ಪದ ರಟ್ಟನ್ನು ಪ್ಯಾಡುಗಳ ನಡುವೆ ಇಡಿ. ಹೊಸ ರೋಟರಿನ ದಪ್ಪ 1.8 ಮಿ.ಮೀ., ರಟ್ಟು ಅದರ ಜಾಗ ಕಾಯುತ್ತದೆ. ಕಳಚಿದ ಚಕ್ರವನ್ನು ಮಲಗಿಸುವಾಗ ರೋಟರ್ ಮೇಲ್ಮುಖವಾಗಿರಲಿ. ಸೈಕಲ್ಲನ್ನು ತಲೆಕೆಳಗಾಗಿಟ್ಟು ತಂದಿದ್ದರೆ ಹೊರಡುವ ಮುಂಚೆ ಬ್ರೇಕನ್ನು ಹತ್ತಿಪ್ಪತ್ತು ಸಲ ಒತ್ತಿ ನೋಡಿ. ಲಿವರ್ ಮೆತ್ತಗೆ ಹ್ಯಾಂಡಲ್ ಮುಟ್ಟುತ್ತಿದ್ದರೆ ಗಿರಿಯಿಂದ ಇಳಿಯುವ ಯೋಚನೆ ಬಿಡಿ.

ಗೇರ್ ಹತ್ತುತ್ತಿಲ್ಲ, ದೊಡ್ಡ ಹಲ್ಲುಚಕ್ರಕ್ಕೆ ಹಾಕಿದರೆ ಕಡ್ಡಿಗೆ ಟಿಕ್ ಟಿಕ್ ತಾಗುತ್ತದೆ: ಹಿಂದಿನಿಂದ ನೋಡಿ. ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಡಿರೇಲರ್‌ನ ಪಂಜರ ಹಲ್ಲುಚಕ್ರಕ್ಕೆ ಸಮಾನಾಂತರವಾಗಿರದೆ ಒಳಕ್ಕೆ ಓರೆಯಾಗಿದ್ದರೆ ಅದನ್ನು ಫ್ರೇಮಿಗೆ ಹಿಡಿಯುವ ಹ್ಯಾಂಗರ್ ಬಾಗಿದೆ. ಚೈನಿನ ಕಡೆ ಕೆಳಗಾಗಿ ಮಲಗಿಸಿದ್ದು, ಅಥವಾ ಪಕ್ಕದ ಸೈಕಲ್ಲಿನ ಪೆಡಲ್ ಬಡಿದದ್ದು. ಕೇಬಲ್ಲಿನ ಸ್ಕ್ರೂ ತಿರುಗಿಸುತ್ತಾ ಕೂತರೆ ಸರಿಹೋಗದು. ಹೇರುವ ಮುಂಚೆ ಚೈನನ್ನು ಹಿಂದಿನ ಅತಿ ದೊಡ್ಡ ಹಲ್ಲಿಗೆ ಹಾಕಿದರೆ ಡಿರೇಲರ್ ಒಳಕ್ಕೆ ಸರಿದು ಪೆಟ್ಟಿನಿಂದ ದೂರ ಉಳಿಯುತ್ತದೆ. ಹ್ಯಾಂಗರ್ ಮೆದು ಅಲ್ಯೂಮಿನಿಯಂ, ಒಂದು ಸಲ ಬಗ್ಗಿಸಿ ನೆಟ್ಟಗೆ ಮಾಡಬಹುದು, ಎರಡನೇ ಸಲಕ್ಕೆ ಮುರಿಯುತ್ತದೆ. ಒಂದೊಂದು ಫ್ರೇಮಿಗೆ ಒಂದೊಂದು ಆಕಾರ, ಆದ್ದರಿಂದ ನಿಮ್ಮ ಸೈಕಲ್ಲಿನದೇ ಒಂದನ್ನು ಸೀಟಿನಡಿಯ ಚೀಲದಲ್ಲಿ ಇಟ್ಟುಕೊಂಡಿರಿ. ಸೀತಾಳಯ್ಯನಗಿರಿಯ ತಿರುವಿನಲ್ಲಿ ಸೈಕಲ್ ಶಾಪಿಲ್ಲ.